ಉಬ್ರಾಣಿಗೆ ಹೊರಟುಹೋದ ಅಡಿಕೆ ಸುಲಿಯುವ ಯಂತ್ರಕ್ಕೆ, ಓದಿನ ಪೀರಿಯಡ್ಡಿನ ಪರವಾಗಿ

ಮಾನ್ಯರೇ,

ಹಲ್ಲು ಚೂಪಾಗಿ, ಬೆಲ್ಟು ಬಿಗಿಯಾಗಿ, ಉಬ್ರಾಣಿಯ ಹೊಸ ಶೆಡ್ಡಿನಲ್ಲಿ ತಾವು ಕ್ಷೇಮದಿಂದ ಗರ್ಜಿಸುತ್ತಿರುವಿರೆಂದು ನಂಬಿ, ತಮ್ಮ ಹಳೆಯ ನೆರೆಯವಳೂ ಚನ್ನಗಿರಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಆರನೇ ತರಗತಿಯ ಶಿಕ್ಷಕಿಯೂ ಆದ ನಾನು ಈ ದೂರನ್ನು ಊರೆಲ್ಲ ಓದಲೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮಧ್ಯಾಹ್ನದ ಊಟವಾದ ಮೇಲೆ ಮಕ್ಕಳು ತಮಗಿಷ್ಟವಾದ ಪುಸ್ತಕ ಆರಿಸಿಕೊಂಡು, ಯಾರೂ ಪ್ರಶ್ನೆ ಕೇಳದೆ, ಅವರ ಪಾಡಿಗೆ ಅವರು ಓದಲಿ ಎಂದು ನಾನು ಒಂದು ಪೀರಿಯಡ್ ಇಟ್ಟದ್ದು ತಮಗೆ ಗೊತ್ತು. ನಮ್ಮ ಮುಖ್ಯೋಪಾಧ್ಯಾಯ ಮರುಳಪ್ಪನವರು ಒಳ್ಳೆಯವರೇ. ಆದರೆ ಓದು ಎಂದರೆ ಕಿವಿಗೆ ಬೀಳಬೇಕು ಎಂಬುದು ಅವರ ಸಿದ್ಧಾಂತ. ತರಗತಿ ತಣ್ಣಗಿದ್ದರೆ ಸಾಕು, "ಯಾಕ್ರೀ ಮೇಡಂ, ಸದ್ದೇ ಇಲ್ಲ? ಹುಡುಗ್ರು ಖಾಲಿ ಕುಂತಾವೇನ್ರೀ?" ಎಂದು ಬಂದು, ಗಿಡಗಳಿಗೆ ನೀರು ಹಾಕಲು ಎಲ್ಲರನ್ನೂ ಎಬ್ಬಿಸಿಕೊಂಡು ಹೋಗುತ್ತಿದ್ದರು. ಗಟ್ಟಿಯಾಗಿ ಓದಿಸಿದರೆ ಅವರಿಗೆ ಸಮಾಧಾನ, ಗೌಸಿಯಾಳಿಗೆ ಸಂಕಟ. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವ ಆ ಹುಡುಗಿ ಮೊದಲ ಸಾಲಿನಲ್ಲೇ ಎಡವಿದಾಗ ಹಿಂದಿನ ಬೆಂಚಿನ ಕಲ್ಲೇಶ್ ಕಿಸಕ್ಕೆಂದಿದ್ದ. ಅಂದಿನಿಂದ ಅವಳು ಬಾಯಿ ತೆರೆದಿರಲಿಲ್ಲ.

ಅಷ್ಟರಲ್ಲಿ ತಾವು ದಯಮಾಡಿಸಿದಿರಿ. ತಮ್ಮ ಮಾಲೀಕ ಮುಬಾರಕ್ ಕಾಂಪೌಂಡಿನಾಚೆ ತಮ್ಮನ್ನು ಇಳಿಸಿದ ದಿನ ನಾನು ಸೆರಗು ಬಿಗಿದು ಜಗಳಕ್ಕೆ ಬಂದದ್ದು ನೆನಪಿರಬಹುದು. "ಸೀಜನ್ ಮುಗಿಯೋ ತನಕ ಸೈರಿಸ್ಕೊಳ್ರೀ ಮೇಡಂ, ಇದರ ಬಾಯಿ ಮುಚ್ಚಾಕೆ ನನ್ ಕೈಲಿ ಆಗಂಗಿಲ್ಲ" ಎಂದು ಆತ ಕೈಮುಗಿದ. ಆ ಬಾಯಿ ಮುಚ್ಚದಿದ್ದುದೇ ಉಪಕಾರವಾಯಿತು. ತಮ್ಮ ಗದ್ದಲದಲ್ಲಿ ಮಕ್ಕಳೆಲ್ಲ ಗಟ್ಟಿಯಾಗಿ ಓದಿದರೂ ಯಾರು ತಪ್ಪಿದರು, ಯಾರು ಸರಿ ಓದಿದರು ಎಂಬುದು ಪಕ್ಕದವರಿಗೂ ಕೇಳದು. ಮರುಳಪ್ಪನವರು ಕಿಟಕಿಯಿಂದ ತುಟಿಗಳಾಡುವುದನ್ನು ನೋಡಿ, ತೃಪ್ತರಾಗಿ ಹೋಗುವರು. ಒಂದು ದಿನ ಗೌಸಿಯಾಳ ಹತ್ತಿರ ಬಗ್ಗಿ ಕಿವಿಗೊಟ್ಟೆ. ಕೆಸರಿನಲ್ಲಿ ಸಿಕ್ಕಿಕೊಂಡ ಆನೆಮರಿಯ ಕಥೆಯನ್ನು ಸಾಲಿನ ಮೇಲೆ ಬೆರಳಿಟ್ಟು, ಎಡವಿ, ಹಿಂದೆ ಹೋಗಿ, ಮತ್ತೆ ಮುಂದೆ ಬಂದು, ಗಂಟಲೆತ್ತಿ ಓದುತ್ತಿದ್ದಳು. ನನಗೆ ಕಣ್ಣು ತುಂಬಿ ಬಂತು. ಎಷ್ಟೋ ತರಬೇತಿಗಳಲ್ಲಿ ನನಗೆ ದಕ್ಕದ ವಿದ್ಯೆಯನ್ನು ತಾವು ಸಿಪ್ಪೆ ಉಗುಳುತ್ತ ಉಗುಳುತ್ತ ಕಲಿಸಿಬಿಟ್ಟಿರಿ.

ಹೀಗಿರುವಾಗ ಹೇಳದೆ ಕೇಳದೆ ಟ್ರ್ಯಾಕ್ಟರ್ ಹತ್ತಿ ಹೋಗುವುದು ತಮ್ಮಂಥ ಶಿಕ್ಷಣತಜ್ಞರಿಗೆ ಶೋಭಿಸುತ್ತದೆಯೇ? ನಮ್ಮೂರ ಕೊಯ್ಲು ಮುಗಿಯಿತು, ಉಬ್ರಾಣಿಯಲ್ಲಿ ಇನ್ನೂ ಬಾಕಿ ಇದೆ ಎಂಬುದೂ ಒಂದು ಕಾರಣವೇ! ಆನೆಮರಿ ಇನ್ನೂ ಕೆಸರಿನಲ್ಲೇ ಇದೆ. ಗೌಸಿಯಾ ಪುಸ್ತಕ ಮುಚ್ಚಿ ಕೂತಿದ್ದಾಳೆ. ಮನೆಗೆ ಒಯ್ದು ಓದಮ್ಮ ಎಂದರೆ, "ಅಲ್ಲಿ ಎಲ್ರಿಗೂ ಕೇಳ್ಸತೈತೆ ಮಿಸ್" ಎನ್ನುತ್ತಾಳೆ. ಮರುಳಪ್ಪನವರಂತೂ ಬಕೆಟ್ಟು ಹಿಡಿದು ಬಾಗಿಲಿಗೇ ಬಂದಾಗಿದೆ.

ಆದಕಾರಣ, ಅಡಿಕೆ ಮರಗಳು ಶಾಲೆಯ ರಜೆಗಳನ್ನು ಬಿಟ್ಟು ವರ್ಷವಿಡೀ ಫಸಲು ಕೊಡುವಂತೆ ತಾವು ಅವುಗಳ ಮನವೊಲಿಸಬೇಕು. ತಪ್ಪಿದರೆ ನಮ್ಮಲ್ಲಿ ಅತಿಥಿ ಶಿಕ್ಷಕರ ಹುದ್ದೆಗೆ ಅರ್ಜಿ ಹಾಕಬೇಕು, ಸಂಬಳ ತಡವಾದಾಗ ಗುರ್ ಎನ್ನಲು ತಮಗೆ ಹೇಗೂ ಬರುತ್ತದೆ. ಅದೂ ಆಗದಿದ್ದರೆ ಒಂದಿಷ್ಟು ಗದ್ದಲವನ್ನು ಗೋಣಿಚೀಲದಲ್ಲಿ ಕಟ್ಟಿ ಚನ್ನಗಿರಿ ಬಸ್ಸಿಗಾದರೂ ಹಾಕಿ ಕಳಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಸಂಧ್ಯಾರಾಣಿ
(ತಮ್ಮನ್ನು ಒಮ್ಮೆ ಬೈದು, ಈಗ ಬೇಡುತ್ತಿರುವವಳು)

ವಿ.ಸೂ.: ಇದನ್ನು ಅಂಚೆಗೆ ಹಾಕುವ ಮೊದಲೇ ಇಂದು ಓದಿನ ಪೀರಿಯಡ್ಡಿನಲ್ಲಿ ಹಿಂದಿನ ಬೆಂಚಿನಿಂದ "ಗರ್ರ್ರ್" ಎಂಬ ಸದ್ದು ಎದ್ದಿತು. ನೋಡಿದರೆ ಅದೇ ಕಲ್ಲೇಶ್. ಗದರಿಸಲು ಎದ್ದೆ, ಅವನು ಉಸಿರು ಎಳೆದುಕೊಳ್ಳುವ ನಡುವೆ "ಗೌಸಿಯಾ ಓದಾಕೆ, ಮಿಸ್" ಎಂದು ಹೇಳಿ ಮತ್ತೆ ಶುರುಮಾಡಿದ. ಪಕ್ಕದ ಬೆಂಚು ಸೇರಿಕೊಂಡಿತು, ಆಮೇಲೆ ಅರ್ಧ ತರಗತಿ. ಗೌಸಿಯಾ ಸುತ್ತ ನೋಡಿದಳು, ಪುಸ್ತಕ ತೆರೆದಳು. ಆನೆಮರಿ ದಡ ಹತ್ತಿತು. "ಮುಬಾರಕ್‌ನ ಮಿಶಿನ್ ವಾಪಸ್ ಬಂತೇನ್ರೀ?" ಎಂದು ಮರುಳಪ್ಪನವರು ಆಫೀಸಿನಿಂದಲೇ ಕೂಗಿದರು, ಬಂತು ಸಾರ್ ಎಂದೆ. ಹೀಗಾಗಿ ತಮ್ಮ ಹುದ್ದೆ ಭರ್ತಿಯಾಗಿದೆ, ತಾವು ಉಬ್ರಾಣಿಯಲ್ಲೇ ಸುಖವಾಗಿರಬಹುದು.