ನೋರವ್ವನ ಊಟಕ್ಕೆ ನಾನು ದುಭಾಷಿಯಾದದ್ದು

ಕತಾರಿಗೆ ಬಂದ ನೆಂಟರನ್ನು ವಿಮಾನ ನಿಲ್ದಾಣದಿಂದ ಮನೆಗೆ ಕರೆತರುವುದು ಸುಲಭ. ಆಮೇಲೆ ಅವರಿಗೆ ಏನು ತೋರಿಸುವುದು ಎಂಬುದೇ ದೊಡ್ಡ ತಲೆನೋವು. ಸಮುದ್ರದಂಡೆ, ಮ್ಯೂಸಿಯಂ, ಸೂಕ್ ಎಂಬ ಹಳೆಯ ಪೇಟೆಯಲ್ಲಿ ಗಿಡುಗ ಮಾರುವ ಅಂಗಡಿ, ಮರುಭೂಮಿಯಲ್ಲೊಂದು ಒಂಟೆ, ಇಷ್ಟಾದರೆ ನನ್ನ ಬತ್ತಳಿಕೆ ಖಾಲಿ. ಉಳಿಯುವುದು ಮಾಲ್‌ಗಳು. ಗದಗಿನಿಂದ ವಿಸಿಟ್ ವೀಸಾದ ಮೇಲೆ ಬಂದ ನನ್ನ ಅತ್ತೆ ಒಂದು ಸಂಜೆ ಮತ್ತೊಂದು ಮಾಲ್‌ನ ಬಾಗಿಲಲ್ಲಿ ನಿಂತು, “ಇದೂ ಅಂಗಡೀನ ಏನ್ರಿ ಅಳಿಯಾವ್ರ?” ಎಂದು ಕೇಳಿದರು. ದನಿಯಲ್ಲಿ ದೂರು ಇರಲಿಲ್ಲ, ನನ್ನ ಬಗ್ಗೆ ಕರುಣೆಯಿತ್ತು. ಅದಕ್ಕೇ ಹೆಚ್ಚು ಚುಚ್ಚಿತು. ವಿಮಾನವೆಂದರೆ ಆಗದ ಮಾವನವರು ಊರಲ್ಲೇ ಉಳಿದು ದಿನವೂ ವಿಡಿಯೋದಲ್ಲಿ “ಇವತ್ತೇನ್ ನೋಡಿದಿ?” ಎಂದು ಕೇಳುತ್ತಿದ್ದರು. ಅತ್ತೆ “ಅಂಗಡಿ” ಎನ್ನುತ್ತಿದ್ದರು. ನಾನು ಅಡುಗೆಮನೆಗೆ ಹೋಗಿ ನೀರು ಕುಡಿಯುತ್ತಿದ್ದೆ.

ಹೀಗಿರುವಾಗ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಡೆಕ್ಲನ್, “ಶುಕ್ರವಾರ ನಿಮ್ಮವರನ್ನೆಲ್ಲ ಕರೆದುಕೊಂಡು ನಮ್ಮ ಮನೆಗೆ ಊಟಕ್ಕೆ ಬಾ” ಎಂದ. ಅವನು ಐರ್ಲೆಂಡಿನವನು, ಅಲ್ ವಕ್ರಾದಲ್ಲಿ ಒಬ್ಬನೇ ಇರುತ್ತಾನೆ. ಅವನ ತಾಯಿ ನೋರಾ ಮಗನನ್ನು ನೋಡಲು ಬಂದಿದ್ದರು. ಊರಲ್ಲಿ ಹತ್ತು ಜನರಿಗೆ ಬಡಿಸಿ ಅಭ್ಯಾಸವಾದ ಕೈಗೆ ಇಲ್ಲಿ ಉಣ್ಣುವವರೇ ಇಲ್ಲವೆಂದು ಸಪ್ಪಗಾಗಿದ್ದರಂತೆ. “ನಮ್ಮ ಕಡೆಯ ಹಬ್ಬದ ಅಡುಗೆ ಮಾಡುತ್ತಾರೆ. ನೀವು ಶಾಕಾಹಾರಿಗಳು ಅಂತ ಹೇಳಿದ್ದೇನೆ. ಅವರ ಮನಸ್ಸಿಗೆ ಬೇಜಾರಾಗದಿದ್ದರೆ ಸಾಕು” ಎಂದ.

ಆ ಕೊನೆಯ ಮಾತೇ ನನ್ನನ್ನು ಚಿಂತೆಗೆ ಹಚ್ಚಿತು. ನಮ್ಮ ಅತ್ತೆ ಹಣೆಗೆ ವಿಭೂತಿ ಹಚ್ಚದೆ ಚಹಾ ಸಹ ಕುಡಿಯುವವರಲ್ಲ. ಮೊಟ್ಟೆಯ ಹೆಸರೆತ್ತಿದರೆ ಸೆರಗು ಮೂಗಿಗೆ ಹೋಗುತ್ತದೆ. ಹೋಟೆಲಿಗೆ ಹೋದರೂ ತಮ್ಮ ರೊಟ್ಟಿ, ಶೇಂಗಾ ಚಟ್ನಿ ತಾವೇ ಒಯ್ಯುವವರು. ಅಂಥವರು ಬಿಳಿಯರ ಮನೆಯಲ್ಲಿ ತಟ್ಟೆ ಸರಿಸಿಬಿಟ್ಟರೆ ಆ ತಾಯಿಯ ಮುಖ ಹೇಗಾಗಬೇಡ? ಕಾರಿನಲ್ಲಿ ದಾರಿಯುದ್ದಕ್ಕೂ ಪಾಠ ಮಾಡಿದೆ. “ಅತ್ತಿಯವರ, ಸೇರಲಿಲ್ಲಂದ್ರೂ ಚೂರು ತಿನ್ರಿ. ಏನಾರ ಹೇಳೂದಿದ್ರ ನನಗ ಹೇಳ್ರಿ, ನಾ ಇಂಗ್ಲಿಷಿನ್ಯಾಗ ಛಂದಗೆ ಹೇಳ್ತೀನಿ.” ಹಿಂದಿನ ಸೀಟಿನಲ್ಲಿದ್ದ ನನ್ನ ಹೆಂಡತಿ ಸುಜಾತಾ, “ಅಂದ್ರ ಸುಳ್ಳು ಹೇಳ್ತಾರಂತ ಅವ್ವಾ” ಎಂದಳು.

ಬಾಗಿಲು ತೆರೆದ ನೋರಾ ಅತ್ತೆಯಷ್ಟೇ ಎತ್ತರ, ಅತ್ತೆಯಷ್ಟೇ ದಪ್ಪ. ಏಪ್ರನ್ನಿಗೆ ಕೈ ಒರೆಸಿಕೊಂಡು ಅತ್ತೆಯ ಎರಡೂ ಕೈ ಹಿಡಿದರು. “ನೋರಾ” ಎಂದರು. “ನೋರವ್ವ” ಎಂದು ಅತ್ತೆ ಅಲ್ಲೇ ತಿದ್ದಿದರು.

ಮೇಜಿನ ಮೇಲೆ ಊಟ ಬಂತು. ಹೆಸರು ಕೋಲ್‌ಕ್ಯಾನನ್. ಹೆಸರು ಕೇಳಿದರೆ ಯುದ್ಧಕ್ಕೆ ಹೊರಟಂತಿದ್ದರೂ ಒಳಗಿದ್ದದ್ದು ಬೇಯಿಸಿ ಹಿಸುಕಿದ ಆಲೂಗಡ್ಡೆ, ಎಲೆಕೋಸು, ಎಳೆ ಈರುಳ್ಳಿ. ಬಿಳಿ ಗುಡ್ಡದ ನೆತ್ತಿಯಲ್ಲೊಂದು ಕುಳಿ, ಕುಳಿಯ ತುಂಬ ಕರಗಿದ ಬೆಣ್ಣೆ. ಪಕ್ಕದಲ್ಲಿ ಸೋಡಾ ಹಾಕಿ ಸುಟ್ಟ ದಪ್ಪ ರೊಟ್ಟಿ. ಅವರ ಊರಲ್ಲಿ ಎಲೆಕೋಸಿನ ಜೊತೆಗೆ ಹಂದಿಮಾಂಸ ಇರಲೇಬೇಕಂತೆ. ನಮ್ಮ ಕಾರಣಕ್ಕೆ ಆ ದಿನ ಎಲೆಕೋಸು ಒಂಟಿಯಾಗಿ ಬಂದಿತ್ತು. ರೊಟ್ಟಿಗೆ ಮೊಟ್ಟೆ ಹಾಕಿಲ್ಲ, ಅಂಗಡಿಯ ಲಬನ್ ಹಾಕಿ ಕಲಸಿದ್ದು ಎಂದು ನೋರಾ ಆಣೆ ಮಾಡುವಂತೆ ಎದೆ ಮುಟ್ಟಿಕೊಂಡು ಹೇಳಿದರು. ಲಬನ್ ಎಂದರೆ ನಮ್ಮ ಮಜ್ಜಿಗೆಯೇ ಎಂದು ನಾನು ತಿಳಿಸಿದೆ. “ಮಜ್ಜಿಗಿ ಹಾಕ್ಯಾರಂದ್ರ ನಮ್ಮ ಪೈಕಿ ಮಂದೀನ” ಎಂದು ಅತ್ತೆ ಚಮಚ ಎತ್ತಿದರು.

ಮೊದಲ ತುತ್ತು ನುಂಗಿ ನನ್ನತ್ತ ತಿರುಗಿದರು. “ಖಾರ ಹಾಕೂದು ಮರತಾರೇನ್ರಿ?”

“ಬಹಳ ಹಿತವಾಗಿದೆ ಎನ್ನುತ್ತಿದ್ದಾರೆ” ಎಂದೆ ನೋರಾಗೆ.

ಖುಷಿಯಾದ ನೋರಾ ಇನ್ನೊಂದು ಗುಡ್ಡ ಬಡಿಸಿದರು. ಅತ್ತೆ ತಟ್ಟೆಗೆ ಕೈ ಅಡ್ಡ ಹಿಡಿದು “ಖಲಾಸ್, ಖಲಾಸ್!” ಎಂದರು. ನೋರಾ ಆ ಕೈ ಸರಿಸಿ “ಯಲ್ಲಾ, ಯಲ್ಲಾ!” ಎಂದರು. ಇಬ್ಬರೂ ಟೂರಿಸ್ಟರು. ಈ ದೇಶದಲ್ಲಿ ಸಾಕು ಎನ್ನಲು ಒಂದು ಶಬ್ದ, ನಡಿ ಎನ್ನಲು ಒಂದು ಶಬ್ದ ಕಲಿತಿದ್ದರು. ಊಟ ಬಡಿಸಲು ಅಷ್ಟು ಸಾಕಾಯಿತು. ಆದರೂ ನಾನು ನನ್ನ ಕೆಲಸ ಬಿಡಲಿಲ್ಲ. ಅತ್ತೆ ಚೀಲದಿಂದ ಶೇಂಗಾ ಚಟ್ನಿ ತೆಗೆದು ಬೆಣ್ಣೆಯ ಕುಳಿಗೆ ಸುರಿದಾಗ, “ಇದು ನಮ್ಮಲ್ಲಿ ಗೌರವ ತೋರಿಸುವ ಪದ್ಧತಿ” ಎಂದೆ. ನೋರಾ ತಮ್ಮ ತಟ್ಟೆಯನ್ನೂ ಮುಂದೆ ಚಾಚಿದರು. ತಿಂದು, ಕೆಂಪಾಗಿ, ಕೆಮ್ಮಿ, ನೀರು ಕುಡಿದು, ಮತ್ತೆ ಚಾಚಿದರು.

ಅಷ್ಟರಲ್ಲಿ ಅತ್ತೆಯ ಬಾಯಲ್ಲಿ ಕಟಕ್ಕೆಂದಿತು. ಮೂಳೆಯೇ ಇರಬೇಕು! ಅತ್ತೆ ಬೆರಳು ಹಾಕಿ ಹೊರತೆಗೆದದ್ದು ಒಂದು ಉಂಗುರ. ನೋರಾ ಚಪ್ಪಾಳೆ ತಟ್ಟಿ ಎದ್ದು ನಿಂತರು. ಅಕ್ಟೋಬರ್ ಕೊನೆಯ ಅವರ ಹಬ್ಬಕ್ಕೆ ಆಲೂಗಡ್ಡೆಯೊಳಗೆ ಉಂಗುರ ಬಚ್ಚಿಡುತ್ತಾರಂತೆ. ಅದು ಯಾರಿಗೆ ಸಿಗುತ್ತದೋ ಅವರಿಗೆ ವರ್ಷದೊಳಗೆ ಮದುವೆ.

“ಏನಂತಾರ?” ಎಂದು ಅತ್ತೆ ನನ್ನ ಮುಖ ನೋಡಿದರು.

ಅರವತ್ತು ದಾಟಿದ ಅತ್ತೆಗೆ, ಅದೂ ಮಾವ ಗಟ್ಟಿಮುಟ್ಟಾಗಿರುವಾಗ, ಯಾವ ಅಳಿಯ ಈ ಸುದ್ದಿ ಕೊಟ್ಟಾನು? “ನಿಮಗ ಪುಣ್ಯಾ ಬರ್ತದಂತರಿ” ಎಂದೆ.

“ಸುಳ್ಳವ್ವಾ!” ಎಂದು ಸುಜಾತಾ ನಡುವೆ ಬಾಯಿ ಹಾಕಿದಳು. “ವರ್ಷದಾಗ ನಿಂದ ಲಗ್ನಾ ಆಗ್ತೇತಂತ!”

ಅತ್ತೆ ಉಂಗುರ ನೋಡಿದರು, ನೋರಾರನ್ನು ನೋಡಿದರು. “ಇರೋ ಒಬ್ಬಾಂವನ್ನ ಸಂಬಾಳಿಸೂದ್ರಾಗ ಸಾಕಾಗೇತಿ. ಇನ್ನೊಂದ್ ಲಗ್ನಾ ಎಲ್ಲಿದು ತಾಯಿ! ಖಲಾಸ್!”

ಸುಜಾತಾ ಅದನ್ನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ನೋರಾ ಕುರ್ಚಿಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಮ್ಮ ಯಜಮಾನರೂ ಊರಿನಿಂದ ದಿನಕ್ಕೆರಡು ಸಲ ಫೋನ್ ಮಾಡಿ ಕಾಲುಚೀಲ ಎಲ್ಲಿದೆ ಎಂದು ಕೇಳುತ್ತಾರಂತೆ. ಆಮೇಲೆ ಇಬ್ಬರೂ ಅಡುಗೆಮನೆ ಸೇರಿದರು. ಒಳಗಿನಿಂದ ಹಿಟ್ಟು ತಟ್ಟುವ ಸದ್ದು, ನಗು. ಸಹಾಯಕ್ಕೆಂದು ನಾನು ಇಣುಕಿದರೆ ಇಬ್ಬರೂ ಹಿಟ್ಟಿನ ಕೈ ಬೀಸಿ ಹೊರಗೆ ಕಳಿಸಿದರು.

ಆ ರಾತ್ರಿ ಮಾವ “ಏನ್ ನೋಡಿದಿ?” ಎಂದಾಗ ಅತ್ತೆ ಅಂಗಡಿ ಎನ್ನಲಿಲ್ಲ. ಉಂಗುರದ ಕತೆಯನ್ನೆಲ್ಲ ಹೇಳಿದರು. ಮಾವ ಗಂಭೀರವಾಗಿ ಯೋಚಿಸಿ, “ವರಾ ಅಡಿಗಿ ಮಾಡ್ತಾನೇನ್ ಕೇಳು, ನಮಗೂ ಅನುಕೂಲ ಆಗ್ತೇತಿ” ಎಂದರು.

ಇಲ್ಲಿ ಕೆಲಸದ ವಾರ ಶುರುವಾಗುವುದೇ ಭಾನುವಾರ; ಆ ದಿನ ಆಫೀಸಿಗೆ ಎದೆಯುಬ್ಬಿಸಿ ಹೋದೆ. ಒಂದು ಅಂತರರಾಷ್ಟ್ರೀಯ ಬಿಕ್ಕಟ್ಟನ್ನು ನಿಭಾಯಿಸಿದವನಲ್ಲವೇ ನಾನು? ಡೆಕ್ಲನ್ ಮಾತ್ರ ಸಂಕೋಚದಿಂದ ಕುರ್ಚಿ ಹತ್ತಿರ ಎಳೆದುಕೊಂಡ. “ಅಮ್ಮನಿಗೆ ನಿಮ್ಮ ಅತ್ತೆ ಬಹಳ ಹಿಡಿಸಿದರು. ನಿನ್ನ ಹೆಂಡತಿಯೂ. ಆದರೆ ಸ್ವಲ್ಪ ಬೇಜಾರು ಮಾಡಿಕೊಂಡಿದ್ದಾರೆ.”

“ಯಾಕೆ?” ಎಂದೆ, ಗಾಬರಿಯಾಗಿ.

“ನೀನು ತಟ್ಟೆಯಲ್ಲಿದ್ದದ್ದನ್ನು ಮುಟ್ಟಲೇ ಇಲ್ಲವಂತೆ. ಇಡೀ ಹೊತ್ತು ಮಾತಾಡುತ್ತಲೇ ಇದ್ದೆಯಂತೆ. ಆ ಹುಡುಗನಿಗೆ ನನ್ನ ಅಡುಗೆ ಸೇರಲಿಲ್ಲ, ಪಾಪ, ಹೇಳಲಾರದೆ ಏನೇನೋ ಮಾತಾಡಿ ಮರೆಸಿದ ಅಂತ ಕೊರಗುತ್ತಿದ್ದಾರೆ.”

ನಾನು ಬಾಯಿ ತೆರೆದೆ. ವಿವರಿಸಲು ಹೊರಟರೆ ಅದೂ ಮಾತೇ ಆಗುತ್ತದೆಂದು ಹೊಳೆದು ಮುಚ್ಚಿಕೊಂಡೆ. ಡೆಕ್ಲನ್ ಚೀಲದಿಂದ ಡಬ್ಬಿ ತೆಗೆದು ನನ್ನ ಕೀಬೋರ್ಡಿನ ಮೇಲಿಟ್ಟ. ಒಳಗೆ ತಣ್ಣಗಾದ ಆಲೂಗಡ್ಡೆಯ ಗುಡ್ಡ. ನಾನು ಉಣ್ಣುವುದನ್ನು ಕಣ್ಣಾರೆ ನೋಡಿ ವರದಿ ಮಾಡಬೇಕೆಂದು ತಾಯಿಯ ಅಪ್ಪಣೆಯಾಗಿತ್ತಂತೆ. ಅವನು ಕೈಕಟ್ಟಿ ಕೂತ. ಮೊದಲ ತುತ್ತು ನುಂಗಿದೆ.

“ಹೇಗಿದೆ?” ಎಂದ.

ಖಾರ ಹಾಕುವುದನ್ನು ನಿಜಕ್ಕೂ ಮರೆತಿದ್ದರು. “ಬಹಳ ಹಿತವಾಗಿದೆ” ಎಂದೆ, ಈ ಸಲ ನನ್ನ ಮಾತನ್ನು ನಾನೇ ಅನುವಾದಿಸಿ.