ನಮ್ಮೂರಿಗೆ ಹಸಿರು ಬಳಿದ ಸಾಹೇಬರಿಗೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಗಣಿಯೂರಿನಲ್ಲಿ ಉಸಿರು ಉಳಿಸಿಕೊಂಡಿರುವ ಸಮಸ್ತರ ಪರವಾಗಿ ತಮಗೆ ಸಾಷ್ಟಾಂಗ ನಮಸ್ಕಾರ. ಅಡ್ಡಬಿದ್ದವರಲ್ಲಿ ಕೆಲವರಿಗೆ ಮೇಲೇಳಲು ದಮ್ಮಿಲ್ಲದ್ದರಿಂದ ನಮಸ್ಕಾರ ಇನ್ನೂ ಮುಂದುವರಿದಿದೆಯೆಂದೇ ತಿಳಿಯತಕ್ಕದ್ದು.

ತಾವು ಹೊರತಂದ ಕಲ್ನಾರು ಕ್ಯಾನ್ಸರಿನ ನಕ್ಷೆಯನ್ನು ಚಹಾದಂಗಡಿಯ ಗೋಡೆಗೆ ಅಂಟಿಸಿ ಕಣ್ತುಂಬ ನೋಡಿದೆವು. ಸಾವು ಹೆಚ್ಚೆಂದು ದೊಡ್ಡಾಸ್ಪತ್ರೆಯಿರುವ ನಗರ ಕೆಂಪಗೆ, ಸಾವೇ ಇಲ್ಲವೆಂದು ಗಣಿಯಿರುವ ನಮ್ಮೂರು ಹಚ್ಚಹಸಿರು! ಕಂಪನಿ ಗಣಿ ಮುಚ್ಚಿ, ಗುಡ್ಡದಷ್ಟು ಬೂದುಪುಡಿಯನ್ನು ನಮ್ಮ ತಲೆಗೆ ಕಟ್ಟಿ ಹೋದಮೇಲೆ ಇಲ್ಲಿ ಹುಲ್ಲು ಕೂಡ ಹಸಿರಾಗಿರಲಿಲ್ಲ. ತಾವು ಕುರ್ಚಿಯಿಂದ ಏಳದೆಯೇ ಊರಿಗೂರನ್ನೇ ಹಸಿರು ಮಾಡಿಬಿಟ್ಟಿರಿ.

ಈ ಪವಾಡದ ಗುಟ್ಟನ್ನು ತಮ್ಮ ಗುಮಾಸ್ತರೇ ಬಿಡಿಸಿ ಹೇಳಿದರು: "ಎಲ್ಲಿ ಸಾಯ್ತಾರೋ ಅಲ್ಲಿಗೇ ಲೆಕ್ಕ ಕಣ್ರೀ. ಎಲ್ಲಿ ಉಸಿರಾಡಿದ್ರು ಅಂತ ಯಾರು ನೋಡ್ಕೊಂಡು ಕೂರ್ತಾರೆ?" ನಮ್ಮೂರಲ್ಲಿ ಆಸ್ಪತ್ರೆಯಿಲ್ಲ. ಆದ್ದರಿಂದ ನಾವು ಧೂಳು ಕುಡಿಯುವುದು ಇಲ್ಲಿ, ಸಾಯುವುದು ಅಲ್ಲಿ. ಗಣಿಯೊಳಗೆ ಡ್ರಿಲ್ ಹಿಡಿದೇ ಆಯುಷ್ಯ ಸವೆಸಿದ ನಮ್ಮ ಭಾವ, ಕೊನೆಗೆ ವಾರವೊಂದು ನಗರದ ಮಂಚದ ಮೇಲೆ ಮಲಗಿದ್ದಕ್ಕೆ ಖಾಯಂ ನಗರವಾಸಿಯಾದರು. ಬದುಕಿದ್ದಾಗ ಅಲ್ಲೊಂದು ಬಾಡಿಗೆ ಕೋಣೆ ಸಿಗದ ಮನುಷ್ಯ!

ಹಸಿರೂರಿಗೆ ಎಕ್ಸರೇ ವ್ಯಾನ್ ಬರುವುದಿಲ್ಲವಂತೆ. ಅದು ಬರಬೇಕಾಗಿರುವುದು ನಮ್ಮಕ್ಕನಿಗಾಗಿ. ಗಣಿಯ ಬಾಗಿಲನ್ನೂ ಕಂಡವಳಲ್ಲ ಅವಳು. ಭಾವನ ಕೆಲಸದಂಗಿಯನ್ನು ಹಿತ್ತಿಲಲ್ಲಿ ಕೊಡವಿ ಕೊಡವಿ ಒಗೆದವಳು, ಅಷ್ಟೇ. ಈಗ ಬಕೆಟ್ ಎತ್ತಿದರೆ ಕುಸಿದು ಕೂರುತ್ತಾಳೆ, ಕೂತರೆ ಕೆಮ್ಮುತ್ತಾಳೆ. ತಪ್ಪು ಅವಳದ್ದೇ ಬಿಡಿ, ಗಂಡನ ಅಂಗಿಯನ್ನು ಬಸ್ಸು ಹತ್ತಿಸಿ ನಗರದಲ್ಲಿ ಕೊಡವಬೇಕಿತ್ತು.

ನಮ್ಮ ಬೇಡಿಕೆಗಳು ಸಣ್ಣವು. ಪಾಪ, ಆ ಕೆಂಪು ನಗರದ ಜನರನ್ನು ಹವಾ ಬದಲಾವಣೆಗೆಂದು ನಮ್ಮ ಬೂದುಗುಡ್ಡದ ಬುಡಕ್ಕೆ ಕಳಿಸಿಕೊಡಿ. ತಾವೂ ಸಕುಟುಂಬ ಬಂದು ಎದೆ ತುಂಬ ಉಸಿರೆಳೆದುಕೊಳ್ಳಿ. ಅದಾಗದಿದ್ದರೆ, ಊರಲ್ಲೇ ಸತ್ತು ಊರ ಲೆಕ್ಕಕ್ಕೆ ಸೇರಲು ಅನುಕೂಲವಾಗುವಂತೆ ಇಲ್ಲೊಂದು ಆಸ್ಪತ್ರೆ ಕಟ್ಟಿಸಿ. ಅಪ್ಪಿತಪ್ಪಿ ಯಾರಾದರೂ ಬದುಕಿಕೊಂಡರೆ ತಮ್ಮ ಮೇಲೆ ದೂರು ಕೊಡುವುದಿಲ್ಲ.

ಏದುಸಿರಿನೊಂದಿಗೆ ತಮ್ಮ ವಿಶ್ವಾಸಿ,
ಡ್ರಿಲ್ಲಿನವನ ಭಾವಮೈದುನ,
ಗಣಿ ಕಾರ್ಮಿಕರ ಸಂಘದ ಪರವಾಗಿ

ತಾ.ಕ.: ನಗರದ ಆಸ್ಪತ್ರೆಗಾದರೂ ನಡೆ ಎಂದರೆ ಅಕ್ಕ, "ಹೋಗಲ್ಲ ಕಣೋ, ಅಲ್ಲಿ ಸತ್ರೆ ನಿಮ್ಮ ಭಾವನ ಥರ ನಾನೂ ಅವರ ಲೆಕ್ಕದ ಪಾಲಾಗ್ತೀನಿ. ಆ ಸಾಹೇಬ್ರ ಆಫೀಸಿಗೇ ಕರ್ಕೊಂಡ್ ಹೋಗು" ಅಂದಿದ್ದಾಳೆ. ಸೋಮವಾರ ಹಾಸಿಗೆ ಸಮೇತ ಬರುತ್ತಿದ್ದೇವೆ. ಅಷ್ಟರೊಳಗೆ ವ್ಯಾನ್ ಹೊರಡದಿದ್ದರೆ, ತಮ್ಮ ಕೊಠಡಿಗೆ ಬೇಕಾಗುವ ಕೆಂಪು ಬಣ್ಣವನ್ನು ಈಗಲೇ ತರಿಸಿಟ್ಟುಕೊಳ್ಳಿ.