ಬೀಗರ ಕಾಲಡಿಯ ಕ್ಲಚ್ಚು

ನನಗೆ ಹೆಮ್ಮೆ ತುಸು ಜಾಸ್ತಿ. ಇದನ್ನು ತಪ್ಪೊಪ್ಪಿಗೆ ಎಂದುಕೊಳ್ಳಬೇಡಿ, ಪರಿಚಯ ಎಂದುಕೊಳ್ಳಿ. ಕೆಲವರಿಗೆ ಮನೆತನದ ಹೆಮ್ಮೆ, ಕೆಲವರಿಗೆ ಮಕ್ಕಳ ಮಾರ್ಕ್ಸಿನ ಹೆಮ್ಮೆ, ನಮ್ಮ ಮಾನ್ವಿ ಕಡೆ ಹಲವರಿಗೆ ಭತ್ತದ ಹೆಮ್ಮೆ. ನನ್ನದು ಗೇರ್ ಬಾಕ್ಸಿನ ಹೆಮ್ಮೆ. ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಜೀವಮಾನವೆಲ್ಲ ಗೇರ್ ಬಾಕ್ಸು ಬಿಚ್ಚಿ ಕಟ್ಟಿ ನಿವೃತ್ತನಾದವನು ನಾನು. ಮಗಳ ಲಗ್ನದ ಮಾತಿಗೆಂದು ದೇವದುರ್ಗಕ್ಕೆ ಹೋದ ದಿನ, ಎಲ್ಲರೂ ವರನ ಮುಖ ನೋಡುತ್ತ ಕೂತಿದ್ದಾಗ, ಬೀದಿಯಲ್ಲಿ ಹೋದ ಟ್ರ್ಯಾಕ್ಟರಿನ ಸದ್ದು ಕೇಳಿ ನಾನು, “ಇದರ ಎರಡನೇ ಗೇರ್ ಹೋಗ್ಯಾದ,” ಎಂದೆನಂತೆ. ನನ್ನ ಹೆಂಡತಿ ಈರಮ್ಮ ಇದನ್ನು ಬಂದವರಿಗೆಲ್ಲ ಹೇಳಿ ನಗುತ್ತಾಳೆ. ನಗಲಿ. ಆದರೆ ಅದು ನಿಜವಾಗಿಯೂ ಹೋಗಿತ್ತು.

ಆ ಮಗಳು ಸುಜಾತಾ ಬಾಣಂತನಕ್ಕೆ ನಮ್ಮಲ್ಲಿಗೆ ಬಂದಿದ್ದಳು. ಕೂಸು ದುಂಡಗಾಗಿ, ತಾಯಿಯೂ ಮೈದುಂಬಿ, ಇನ್ನು ಇಬ್ಬರನ್ನೂ ತೊಟ್ಟಿಲ ಸಮೇತ ದೇವದುರ್ಗಕ್ಕೆ ಕಳಿಸಿಕೊಡುವ ದಿನ ಹತ್ತಿರವಾಯಿತು. ಸರಿಯಾಗಿ ಅದೇ ಹೊತ್ತಿಗೆ ನನ್ನ ಹಳೆಯ ಜೀಪಿನ ಗೇರ್ ಬಾಕ್ಸು ಕೈಕೊಟ್ಟಿತು. ಬಾಡಿಗೆ ಕಾರು ಹೇಳಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಾನು ಬೀಗರಿಗೆ ಫೋನಿನಲ್ಲಿ, “ಮೊಮ್ಮಗನ್ನ ನನ್ನ ಗಾಡ್ಯಾಗ ಕರ್ಕೊಂಡು ಬರ್ತೀನ್ರಿ. ಗೇರ್ ಬಾಕ್ಸ್ ನಾನ ಬದಲಿ ಮಾಡಾಕತ್ತೀನಿ, ಯಾರ ಕೈನೂ ಹಚ್ಚಗೊಡಂಗಿಲ್ಲ,” ಎಂದು ಹೇಳಿಬಿಟ್ಟಿದ್ದೆ. ಬೀಗರೆಂದರೆ ಮಗಳ ಮಾವ, ಅಮರಪ್ಪನವರು. ಅವರು ತಮ್ಮ ಓಣಿಗೆಲ್ಲ ಅದನ್ನು ಹೇಳಿಯಾಗಿತ್ತು. ಇನ್ನು ಬಾಡಿಗೆ ಕಾರಿನಲ್ಲಿ ಹೋಗಿ ಇಳಿದರೆ ನನ್ನ ಮುಖ ಎಲ್ಲಿಟ್ಟುಕೊಳ್ಳಲಿ?

ರಾಯಚೂರಿನ ಗುಜರಿಯಲ್ಲಿ ನಾಲ್ಕಾರು ಗೇರ್ ಬಾಕ್ಸು ತಿರುಗಿಸಿ, ಕಿವಿಗೊಟ್ಟು ಕೇಳಿ, ಒಂದನ್ನು ಆರಿಸಿ ತಂದೆ. ಹಳೆಯದನ್ನು ಇಳಿಸಿದೆ. ಜಾಕಿ, ಹಲಗೆ, ಇಟ್ಟಿಗೆ ಹೊಂದಿಸಿ ಹೊಸದನ್ನು ಒಬ್ಬನೇ ಏರಿಸಿದೆ. ಓಣಿಯವರು ಗೇಟಿನ ಹತ್ತಿರ ನಿಂತು ನೋಡಿದರು. “ಈ ವಯಸ್ಸಿನ್ಯಾಗ ಒಬ್ಬರ ಎತ್ಯಾರಲ್ಲಪಾ,” ಎಂದು ಒಬ್ಬರು ಅಂದದ್ದು ಜೀಪಿನ ಕೆಳಗಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು. ಖುಷಿಯೂ ಆಯಿತು, ಹೆದರಿಕೆಯೂ ಆಯಿತು. ಇಷ್ಟು ಮಂದಿಯ ಕಣ್ಣು ಬಿದ್ದರೆ ಕಬ್ಬಿಣ ತಾನೇ ಹೇಗೆ ತಡೆದೀತು? ದೃಷ್ಟಿಗೆಂದು ಒಂದು ಕರಿದಾರ ತಂದು ಕ್ಲಚ್ಚಿನ ಎಣ್ಣೆ ಹೋಗುವ ಪೈಪಿಗೆ ಕಟ್ಟಿದೆ. ಆಮೇಲೆ ಆ ಪೈಪಿನ ತುದಿಯನ್ನು ಗೇರ್ ಬಾಕ್ಸಿನ ಬಾಯಿಗೆ ತೂರಿಸಿದೆ. ಅಲ್ಲೊಂದು ತಂತಿಯ ಕ್ಲಿಪ್ಪು ಇರುತ್ತದೆ, ಪೈಪು ಪೂರ್ತಿ ಒಳಗೆ ಹೋದಾಗ ಅದು ಬಿದ್ದು ಹಿಡಿದುಕೊಳ್ಳುತ್ತದೆ. ಹಿಡಿದುಕೊಂಡಿತು ಎಂದೇ ನಾನು ತಿಳಿದೆ.

ಮರುದಿನ ಬೀಗರು ಬಂದರು. ಅಳಿಯನಿಗೆ ಬೀಜ-ಗೊಬ್ಬರದ ಅಂಗಡಿ, ಬಿತ್ತನೆಯ ಹೊತ್ತಿನಲ್ಲಿ ಬಿಟ್ಟು ಬರುವಂತಿರಲಿಲ್ಲ. ಅದಕ್ಕೆ ಸೊಸೆ ಮೊಮ್ಮಗನನ್ನು ಕರೆದೊಯ್ಯಲು ಅಮರಪ್ಪನವರೇ ಒಂದು ದಿನ ಮೊದಲು ಬಸ್ಸಿನಲ್ಲಿ ಬಂದಿಳಿದರು. ಅವರ ಮರ್ಯಾದೆ ಎಂಥದೆಂದರೆ ನೀರು ಕೊಟ್ಟರೂ ಲೋಟಕ್ಕೆ ನಮಸ್ಕಾರ ಮಾಡಿಯಾರು. ಅವಸರದಲ್ಲಿ ಈರಮ್ಮ ಆ ಮಧ್ಯಾಹ್ನದ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ನಾನು ಮೊದಲ ತುತ್ತಿಗೇ ಮುಖ ಕಿವುಚಿದೆ. ಅಮರಪ್ಪನವರು, “ಸಾರು ಭಾಳ ಚಲೋ ಆಗ್ಯಾದ್ರಿ,” ಎಂದು ಎರಡು ಸಲ ಹಾಕಿಸಿಕೊಂಡು ಉಂಡರು. ನಾನು ಅಲ್ಲೇ ಎಚ್ಚರಗೊಳ್ಳಬೇಕಿತ್ತು.

ಊಟವಾದ ಮೇಲೆ ಉಳಿದದ್ದು ಒಂದೇ ಕೆಲಸ. ಪೈಪು ಬಿಚ್ಚಿ ಜೋಡಿಸಿದಾಗ ಅದರೊಳಗೆ ಗಾಳಿ ಸೇರುತ್ತದೆ, ಅದನ್ನು ಹೊರಗೆ ಹಾಕಬೇಕು. ಇದೊಂದನ್ನು ಮಾತ್ರ ಎಂಥ ಗಂಡಸೂ ಒಬ್ಬನೇ ಮಾಡಲಾರ. ಸೀಟಿನ ಮೇಲೆ ಒಬ್ಬರು ಕೂತು ಕ್ಲಚ್ಚು ಒತ್ತಿ ಹಿಡಿಯಬೇಕು, ಕೆಳಗೆ ಒಬ್ಬರು ಸಣ್ಣ ನಟ್ಟು ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿಯಬೇಕು. ಹೀಗೇ ಮಾಡುತ್ತ ಹೋದರೆ ಪೆಡಲು ಗಟ್ಟಿಯಾಗುತ್ತದೆ. ಓಣಿಯವರೆಲ್ಲ ಸಿರವಾರಕ್ಕೆ ಒಂದು ಲಗ್ನಕ್ಕೆ ಹೋಗಿದ್ದರು. ಈರಮ್ಮ ಮರುದಿನದ ಬುತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ಸುಜಾತಾಳ ತೊಡೆಯ ಮೇಲೆ ಕೂಸು. ನಾನು ಗೇಟಿನ ಕಡೆ ನೋಡುತ್ತ ನಿಂತದ್ದನ್ನು ಕಂಡು ಅಮರಪ್ಪನವರೇ ಎದ್ದರು. “ಏನ್ ಮಾಡ್ಬೇಕು ಹೇಳ್ರಿ ಬೀಗರ, ನಾ ಸುಮ್ಮನ ಕುಂತೀನಿ.”

ಬೀಗರ ಕೈಯಲ್ಲಿ ಕೆಲಸ ಮಾಡಿಸುವುದೇ? ನಾನು ಬೇಡವೆಂದೆ, ಅವರು ಬಿಡಲಿಲ್ಲ. ಪೂಜೆ ಕಂಡ ಗಾಡಿ ಎಂದು ಚಪ್ಪಲಿ ಕಳೆದಿಟ್ಟು, ಧೋತರ ಎತ್ತಿ ಕಟ್ಟಿ, ಬರಿಗಾಲನ್ನು ಪೆಡಲಿನ ಮೇಲೆ ಮೆಲ್ಲಗೆ ಇಟ್ಟರು. ಡಿಪೋದಲ್ಲಿ ಈ ಕೆಲಸ ಮಾಡುವಾಗ ನನ್ನ ಬಾಯಿಂದ ಬರುತ್ತಿದ್ದ ಮಾತೇ ಬೇರೆ. “ಒತ್ತಲೇ, ಹಿಡೀಲೇ, ಬಿಡಬ್ಯಾಡಲೇ.” ಈಗ ಜೀಪಿನಡಿ ಅಂಗಾತ ಮಲಗಿ, ಮೂಗಿನ ಮೇಲೆ ಎಣ್ಣೆ ಬೀಳಿಸಿಕೊಳ್ಳುತ್ತ, “ಒತ್ರಿ ಬೀಗರ, ತುಸು ಹಿಡೀರಿ, ಈಗ ಬಿಡ್ರಿ, ತ್ರಾಸ ಆತೇನ್ರಿ?” ಎನ್ನುತ್ತಿದ್ದೆ. ಅವರು ಮೇಲಿಂದ, “ಏನಿಲ್ಲ ಬಿಡ್ರಿ ಬೀಗರ, ನಿಮಗ ತ್ರಾಸ,” ಎನ್ನುತ್ತಿದ್ದರು. ಕ್ಲಚ್ಚು ಅಷ್ಟು ಮರ್ಯಾದೆಯನ್ನು ತನ್ನ ಜನ್ಮದಲ್ಲಿ ಕಂಡಿರಲಿಕ್ಕಿಲ್ಲ.

“ಗಟ್ಟಿ ಆಗ್ಯಾದೇನ್ರಿ?” ಎಂದು ಕೇಳಿದೆ.

“ಆಗ್ಯಾದ್ರಿ. ಭಾಳ ಚಲೋ ಆಗ್ಯಾದ್ರಿ.”

ನಾನು ಕೈ ಒರೆಸಿಕೊಂಡು ಸೀಟಿಗೆ ಬಂದು ಒತ್ತಿದರೆ ಪೆಡಲು ಸೀದಾ ನೆಲಕ್ಕೆ ಹೋಗಿ ಅಲ್ಲೇ ಕೂತಿತು. ಮತ್ತೆ ಕೆಳಗೆ ಹೋದೆ. ಮತ್ತೆ ಒತ್ರಿ, ಹಿಡೀರಿ, ಬಿಡ್ರಿ. ಮತ್ತೆ ಅದೇ ಉತ್ತರ. ಮತ್ತೆ ಪೆಡಲು ನೆಲಕ್ಕೆ. ನನ್ನ ವಿದ್ಯೆಯೆಲ್ಲ ತಲೆಗೆ ಬಂತು. ಒತ್ತುವಾಗ ಗಟ್ಟಿಯಾಗಿ ಆಮೇಲೆ ಸಡಿಲಾಗುತ್ತದೆ ಎಂದರೆ ಗೇರ್ ಬಾಕ್ಸಿನ ಒಳಗಿನ ರಬ್ಬರು ಹರಿದಿದೆ. ಹಾಗಾದರೆ ಗೇರ್ ಬಾಕ್ಸನ್ನು ಮತ್ತೆ ಇಳಿಸಬೇಕು. ಇಳಿಸಿದರೆ ನಾಳೆಯ ಪ್ರಯಾಣ ಇಲ್ಲ. ಅಮರಪ್ಪನವರು ನನ್ನ ಮುಖ ನೋಡಿ ಬಹಳ ಮೆತ್ತಗೆ, “ಬೇಕಂದ್ರ ಒಂದ್ ಬಾಡಿಗಿ ಕಾರ್ ಹೇಳೂಣೇನ್ರಿ?” ಎಂದರು. ಆ ಮಾತು ಕೇಳಿ ನನಗೆ ಅಳು ಬರುವುದೊಂದು ಬಾಕಿ. ಡಿಪೋದಲ್ಲಿ ಸಾಹೇಬರು ಬೈದಾಗಲೂ ಹಾಗಾಗಿರಲಿಲ್ಲ.

ಅಷ್ಟರಲ್ಲಿ ಚಹಾ ತಂದ ಈರಮ್ಮ ನಮ್ಮಿಬ್ಬರನ್ನೂ ನೋಡಿದಳು. “ಯಣ್ಣಾ, ನೀವು ಇಳೀರಿ, ಚಾ ಕುಡೀರಿ. ನಾ ಒತ್ತೀನಿ,” ಎಂದು ಬೀಗರನ್ನು ಇಳಿಸಿ, ಸೀರೆ ಸಿಕ್ಕಿಸಿಕೊಂಡು ಹತ್ತಿ ಕೂತಳು. ನಾನು ಕೆಳಗಿಂದ, “ಗಟ್ಟಿ ಆತೇನು?” ಎಂದೆ.

“ಎಲ್ಲಿ ಗಟ್ಟಿರೀ? ನೀರು ಜಾಸ್ತಿ ಆದ ಹಿಟ್ಟಿನ್ಯಾಗ ಕಾಲಿಟ್ಟಂಗ ಅದ.”

“ಮೊದಲು ಗಟ್ಟಿ ಆಗಿ ಆಮ್ಯಾಲ ಸಡ್ಲ ಆಗಾಕತ್ತದೇನು?”

“ಇಲ್ರಿ. ಗಟ್ಟಿನ ಆಗಿಲ್ಲ. ಮೊದಲಿಂದ ಹಿಂಗ ಅದ.”

ನಾನು ಚಹಾ ಕುಡಿಯುತ್ತ ನಿಂತಿದ್ದ ಬೀಗರ ಕಾಲುಗಳನ್ನು ಜೀಪಿನಡಿಯಿಂದಲೇ ನೋಡಿದೆ. ಆ ಕಾಲುಗಳು ಒಂದು ಹೆಜ್ಜೆ ಹಿಂದೆ ಸರಿದವು. ಪಾಪ, ಬೀಗರ ಅಂಗಳದಲ್ಲಿ ಕೂತು, ಬೀಗರು ತಾವೇ ಏರಿಸಿದ ಗೇರ್ ಬಾಕ್ಸಿನ ಬಗ್ಗೆ, ಸರಿ ಆಗಿಲ್ಲ ಎಂದು ಯಾವ ಬಾಯಿಂದ ಹೇಳಿಯಾರು? ಸಾರಿನ ಉಪ್ಪಿನಂತೆಯೇ ಇದನ್ನೂ ನುಂಗಿಕೊಂಡಿದ್ದರು. ಸಿಟ್ಟು ಬಂತು, ಆದರೆ ಬೀಗರ ಮೇಲೆ ಬಂದ ಸಿಟ್ಟನ್ನು ಎಲ್ಲಿಡುವುದೆಂದು ಯಾರೂ ನನಗೆ ಕಲಿಸಿಲ್ಲ. ಅದನ್ನು ಬಿಟ್ಟು ಲೆಕ್ಕ ಮೊದಲಿನಿಂದ ಹಾಕಿದೆ. ಗಟ್ಟಿಯೇ ಆಗಿಲ್ಲವೆಂದರೆ ಒಳಗಿನ ರಬ್ಬರನ್ನು ದೂರುವ ಮೊದಲು ಹೊರಗಿನ ಜೋಡಣೆ ನೋಡಬೇಕು. ಅಂದರೆ ನಾನೇ ತೂರಿಸಿದ ಪೈಪು. ಅಲ್ಲಿಂದ ಎಣ್ಣೆ ಜಿನುಗುತ್ತಿದ್ದುದನ್ನು ಹಳೆಯ ಜಿಡ್ಡು ಎಂದು ಒರೆಸುತ್ತ ಬಂದಿದ್ದೆ. ಪೈಪು ಹಿಡಿದು ಎಳೆದೆ. ಕ್ಲಿಪ್ಪು ಹಿಡಿದಿದ್ದರೆ ಅದು ಬರಬಾರದಿತ್ತು. ಆದರೆ ಕರೆದ ಕೂಡಲೇ ಬರುವ ಕರುವಿನ ಹಾಗೆ ಕೈಗೆ ಬಂತು. ತುದಿಯ ರಬ್ಬರ್ ಉಂಗುರಕ್ಕೆ ಸುತ್ತಿಕೊಂಡು ಕೂತಿತ್ತು, ನಾನು ದೃಷ್ಟಿಗೆಂದು ಕಟ್ಟಿದ ಕರಿದಾರದ ಬಾಲ.

ಈರಮ್ಮ ಬಗ್ಗಿ ನೋಡಿದಳು. “ಮಂದಿ ಕಣ್ಣು ಏನೂ ಮಾಡಿಲ್ಲ ನೋಡ್ರಿ. ನೀವು ಕಟ್ಟಿದ್ದ ಮಾಡ್ಯಾದ,” ಎಂದಳು. ದಾರ ಬಿಚ್ಚಿ, ಉಂಗುರ ಒರೆಸಿ, ಎಣ್ಣೆ ಹಚ್ಚಿ, ಪೈಪನ್ನು ಒತ್ತಿದೆ. ಟಕ್ ಎಂದಿತು. ಆ ಟಕ್ ಕೇಳಿದಾಗ ನನಗಾದ ಸಂತೋಷವನ್ನು ಏನೆಂದು ಹೇಳಲಿ, ಎದೆ ತುಂಬಿ ಬಂತು. ಮತ್ತೆ ಗಾಳಿ ತೆಗೆದೆವು. “ಈಗ ಗಟ್ಟಿ ಆತ್ರಿ,” ಎಂದಳು ಈರಮ್ಮ. ಬೀಗರನ್ನೂ ಕರೆದು ಒತ್ತಿ ನೋಡಿರೆಂದೆ. ಅವರು ಒತ್ತಿದರು. “ಓಹೋ, ಗಟ್ಟಿ ಅಂದ್ರ ಇದು…” ಎಂದು ಬಾಯಿ ತಪ್ಪಿ ಅಂದುಬಿಟ್ಟು, ಅವಸರದಲ್ಲಿ ಸೀಟಿನಿಂದ ಇಳಿದರು.

ಮರುದಿನ ಸಿರವಾರ ದಾಟಿ ದೇವದುರ್ಗದವರೆಗೆ ಬೆಣ್ಣೆಯಲ್ಲಿ ಚಾಕು ಇಳಿದಂತೆ ಗೇರು ಬಿದ್ದವು. ಕೂಸು ಒಮ್ಮೆಯೂ ಏಳಲಿಲ್ಲ. ಅಲ್ಲಿ ಬೀಗರ ಓಣಿಯೆಲ್ಲ ಮನೆ ಮುಂದೆ ಸೇರಿತ್ತು. “ನಮ್ಮ ಬೀಗರು ಒಬ್ಬರ ಗೇರ್ ಬಾಕ್ಸ್ ಏರಿಸ್ಯಾರ,” ಎಂದು ಅಮರಪ್ಪನವರು ಎಲ್ಲರಿಗೂ ಹೇಳಿದರು. ನಾನು ಅದನ್ನು ಅಲ್ಲಗಳೆಯಲಿಲ್ಲ. ಒಳಗೆ ಕರೆದೊಯ್ದು, ತೊಟ್ಟಿಲು ತೂಗುಹಾಕಲು ತೊಲೆಗೆ ತಾವೇ ಹಾಕಿದ ಕೊಕ್ಕೆ ತೋರಿಸಿದರು. “ಯಾರನ್ನೂ ಕರೀಲಿಲ್ರಿ, ನಾನ ಹಾಕೀನಿ. ಗಟ್ಟಿ ಅದ ಏನು ನೋಡ್ರಿ.” ಜಗ್ಗಿದೆ. ಕೊಕ್ಕೆ ತುಸು ತಿರುಗಿತು. ಮನೆಮಂದಿಯೆಲ್ಲ ನನ್ನನ್ನೇ ನೋಡುತ್ತಿದ್ದರು, ಅಮರಪ್ಪನವರ ಮುಖದಲ್ಲಿ ಹೆಮ್ಮೆ ತುಂಬಿ ತುಳುಕುತ್ತಿತ್ತು. ಆ ಹೆಮ್ಮೆಯ ಗುರುತು ನನಗಿಲ್ಲವೇ?

“ಭಾಳ ಗಟ್ಟಿ ಅದರಿ ಬೀಗರ,” ಎಂದೆ. “ಕೂಸು ಈಗ ತಾಯಿ ಹಂತೇಕ ಇರ್ಲಿ. ಊಟ ಆದ ಮ್ಯಾಲ ತೊಟ್ಟಿಲಕ್ಕ ಹಾಕೂಣ.”

ಎಲ್ಲರೂ ಅಡುಗೆಮನೆಯ ಕಡೆ ಹೋದಾಗ ನಾನು ಜೀಪಿನಿಂದ ಪಾನಾ ತಂದು, ಸ್ಟೂಲು ಹತ್ತಿ, ಕೊಕ್ಕೆಯ ನಟ್ಟನ್ನು ಕೈ ಸೋಲುವಷ್ಟು ಬಿಗಿದೆ. ಜೋತುಬಿದ್ದು ನೋಡಿದೆ, ಅಲುಗಲಿಲ್ಲ. ಪಾನಾ ತಿರುಗಿ ಇಡಲು ಹೊರಗೆ ಬಂದರೆ ಅಮರಪ್ಪನವರು ಫೋನಿನ ಬೆಳಕು ಹಿಡಿದು, ಮೊಣಕಾಲೂರಿ, ನನ್ನ ಜೀಪಿನ ಕೆಳಗೆ ಆ ಪೈಪನ್ನೇ ಇಣುಕಿ ನೋಡುತ್ತಿದ್ದರು.

“ಏನ್ ನೋಡಾಕತ್ತೀರಿ ಬೀಗರ?” ಎಂದೆ.

“ಏನಿಲ್ರಿ, ಚಪ್ಪಲಿ ಹುಡುಕಾಕತ್ತೀನಿ,” ಎಂದರು. ಚಪ್ಪಲಿ ಅವರ ಕಾಲಲ್ಲೇ ಇತ್ತು. ಆಮೇಲೆ ಅವರ ಕಣ್ಣು ನನ್ನ ಕೈಯಲ್ಲಿದ್ದ ಪಾನಾದ ಮೇಲೆ ಬಿತ್ತು.

“ನಾನೂ ಚಪ್ಪಲಿ ಹುಡುಕಾಕ ಬಂದೀನ್ರಿ,” ಎಂದೆ.

ಇಬ್ಬರೂ ಒಳಗೆ ಹೋಗಿ ಊಟಕ್ಕೆ ಕೂತೆವು. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ನಾನು ಎರಡು ಸಲ ಹಾಕಿಸಿಕೊಂಡೆ.